ಒಂಬತ್ತು ಎಂಬ ಬಾಗಿಲು

ಮ್ಯಾನೇಜರಿಗೆ 201, ಲೆಕ್ಕಪತ್ರದವರಿಗೆ 214, ಉಗ್ರಾಣಕ್ಕೆ 305 ಎಂದು ಕಛೇರಿಯ ಟೆಲಿಫೋನುಗಳಿಗೆ ಸಂಖ್ಯೆ ಹಂಚುವುದು ಗುಮಾಸ್ತರೊಬ್ಬರು ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸವೆಂದು ತೋರುತ್ತದೆ. ಆದರೆ ಈ ಪುಟ್ಟ ಅಂಕಿಗಳ ಹಿಂದೆ ಒಂದು ಇತಿಹಾಸವೇ ಇದೆ.

ಮೊದಮೊದಲು ಟೆಲಿಫೋನಿಗೆ ಸಂಖ್ಯೆಯೇ ಇರಲಿಲ್ಲ. ಬೇಕಾದವರ ಹೆಸರು ಹೇಳಿದರೆ ಎಕ್ಸ್‌ಚೇಂಜಿನವರು ನೆನಪಿನಿಂದಲೇ ತಂತಿ ಜೋಡಿಸುತ್ತಿದ್ದರು. 1879ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಲೋವೆಲ್ ಪಟ್ಟಣದಲ್ಲಿ ದಡಾರ ಹಬ್ಬಿತು. ಅಲ್ಲಿನ ಚಂದಾದಾರರು ಇನ್ನೂರಕ್ಕೂ ಮಿಕ್ಕು. ತಂತಿ ಜೋಡಿಸುವವರು ನಾಲ್ಕೇ ಮಂದಿ. ಆ ನಾಲ್ವರೂ ಹಾಸಿಗೆ ಹಿಡಿದರೆ, ಬದಲಿಗೆ ಬಂದವರು ಅಷ್ಟೊಂದು ಹೆಸರುಗಳನ್ನು ಕಲಿಯುವುದು ಯಾವಾಗ? ಊರಿನ ವೈದ್ಯರಾದ ಡಾಕ್ಟರ್ ಮೋಸೆಸ್ ಗ್ರೀಲಿ ಪಾರ್ಕರರು ಎಲ್ಲರಿಗೂ ಒಂದೊಂದು ಸಂಖ್ಯೆ ಕೊಟ್ಟುಬಿಡಿ ಎಂದರು. ರೋಗದ ಭಯದಿಂದ ಹುಟ್ಟಿದ ಏರ್ಪಾಡು ಇದು!

ಮನುಷ್ಯರ ಬದಲು ಯಂತ್ರವೇ ತಂತಿ ಜೋಡಿಸುವಂತೆ ಮಾಡಿದವನು ಆಲ್ಮನ್ ಸ್ಟ್ರೋಜರ್. ಶವಸಂಸ್ಕಾರ ಅವನ ವೃತ್ತಿ. 1891ರಲ್ಲಿ ಪೇಟೆಂಟ್ ದೊರೆಯಿತು. ಮರುವರ್ಷ ಇಂಡಿಯಾನಾದ ಲಾ ಪೋರ್ಟ್‌ನಲ್ಲಿ ಎಕ್ಸ್‌ಚೇಂಜು ತೆರೆಯಿತು. ಮುಂದೆ ಬೆಳೆದುಬಂದ ಈ ಬಗೆಯ ಯಂತ್ರದ ಸ್ವಭಾವವನ್ನು ತಿಳಿದರೆ ಉಳಿದದ್ದು ಸುಲಭ. ಅದು ಪೂರ್ತಿ ಸಂಖ್ಯೆಯನ್ನು ಕೇಳಿಸಿಕೊಂಡು ಆಮೇಲೆ ಆಲೋಚಿಸುವುದಿಲ್ಲ. ಡಯಲಿನಲ್ಲಿ 3 ತಿರುಗಿಸಿದರೆ ಅದರ ತೋಳು ಆ ಕ್ಷಣವೇ ಮೂರನೆಯ ಮೆಟ್ಟಿಲಿಗೆ ಏರುತ್ತದೆ. ಅಲ್ಲಿಂದಾಚೆಗೆ ಆ ದಾರಿಯೇ ಗತಿ. ಕೊನೆಯ ಎರಡು ಅಂಕಿಗಳಿಗೆ ತೋಳು ಮೇಲಕ್ಕೆ ಹತ್ತು, ಅಡ್ಡಕ್ಕೆ ಹತ್ತು ಮನೆ ಚಲಿಸಬಲ್ಲದು; ಹೀಗೆ ನೂರು ಟೆಲಿಫೋನು.

ಆದ್ದರಿಂದ ಮೊದಲ ಅಂಕಿಯೆಂದರೆ ಬಾಗಿಲು. ಕಛೇರಿಯ ಒಳಗಿನ ಎಕ್ಸ್‌ಚೇಂಜಿಗೂ ಇದೇ ನಿಯಮ. ಅಮೆರಿಕದಲ್ಲಿ ಹೊರಗಿನ ಲೈನಿಗೆ 9, ಆಪರೇಟರಿಗೆ ಸೊನ್ನೆ ಎಂಬ ವಾಡಿಕೆ ಬೆಳೆಯಿತು. ನಮ್ಮಲ್ಲಿ ಎಷ್ಟೋ ಕಡೆ ಹೊರಗಿನ ಲೈನಿಗೇ ಸೊನ್ನೆ. ಒಮ್ಮೆ 9 ಹೊರಬಾಗಿಲಾದರೆ 9ರಿಂದ ಮೊದಲಾಗುವ ಸಂಖ್ಯೆ ಒಳಗೆ ಯಾರಿಗೂ ಸಲ್ಲದು. ಹಾಗೆಯೇ ಯಾರಿಗಾದರೂ 23 ಎಂದು ಕೊಟ್ಟರೆ 234 ಎಂಬುದು ಸತ್ತಂತೆ. ಯಂತ್ರ 23ರಲ್ಲೇ ಗಂಟೆ ಬಾರಿಸಿಬಿಡುತ್ತದೆ. ನಲವತ್ತು ಜನರ ಕಛೇರಿ ನಾನೂರಕ್ಕೆ ಬೆಳೆದಾಗ ಎಲ್ಲರ ಸಂಖ್ಯೆಯನ್ನೂ ಬದಲಿಸಬೇಕಾಗಿ ಬರುವುದು ಹೀಗೆಯೇ. ಬುದ್ಧಿವಂತರು ಮೊದಲೇ ಒಂದೆರಡು ನೂರನ್ನು ಖಾಲಿ ಬಿಟ್ಟಿರುತ್ತಾರೆ. (ಆ ಖಾಲಿ ನೂರು ದಂಡವೆಂದು ಆಕ್ಷೇಪಿಸುವವರೂ ಎಲ್ಲ ಕಛೇರಿಗಳಲ್ಲಿ ಇರುತ್ತಾರೆ.)

ಇಲ್ಲಿಗೆ ಇದು ಅನುಕೂಲದ ಮಾತು. ಆದರೆ ಅಮೆರಿಕದಲ್ಲಿ ಆಪತ್ತಿನ ಕರೆಗೆ 911 ಎಂಬ ಸಂಖ್ಯೆ 1968ರಲ್ಲಿ ಬಳಕೆಗೆ ಬಂತು. ಅದರ ಮೊದಲ ಅಂಕಿಯೂ 9! ಹೊರಬಾಗಿಲಿಗೆ ಒಂದು 9, ಆಮೇಲೆ 911 ಎಂದು ಒತ್ತಬೇಕಾದ ವಸತಿಗೃಹಗಳು ಎಷ್ಟೋ ಇದ್ದವು. 2013ರ ಡಿಸೆಂಬರಿನಲ್ಲಿ ಟೆಕ್ಸಾಸಿನ ಮಾರ್ಷಲ್ ಪಟ್ಟಣದ ಅಂಥದೊಂದು ಕೋಣೆಯಲ್ಲಿ ತಾಯಿಯ ಮೇಲೆ ಮಾರಕ ಹಲ್ಲೆ ನಡೆಯುತ್ತಿದ್ದಾಗ, ಒಂಬತ್ತು ವರ್ಷದ ಮಗಳು ತನಗೆ ಹೇಳಿಕೊಟ್ಟಿದ್ದಂತೆ 911 ಒತ್ತಿದಳು. ಒಂದಲ್ಲ, ನಾಲ್ಕು ಸಲ. ಒಂದು ಕರೆಯೂ ಹೋಗಲಿಲ್ಲ. ಮಗು ಕಲಿತದ್ದರಲ್ಲಿ ತಪ್ಪಿರಲಿಲ್ಲ. ಮೊದಲು ಇನ್ನೊಂದು 9 ಬೇಕೆಂದು ಅದಕ್ಕೆ ಯಾರು ಹೇಳಿದ್ದರು?

ತಾಯಿ ಉಳಿಯಲಿಲ್ಲ. ಆಕೆಯ ತಂದೆ ಸುಮ್ಮನಿರದೆ ಊರೂರಿನ ಅಧಿಕಾರಿಗಳ ಬಾಗಿಲು ತಟ್ಟಿದರು. 2018ರ ಫೆಬ್ರವರಿ 16ರಂದು ಆಕೆಯ ಹೆಸರಿನಲ್ಲೇ ‘ಕ್ಯಾರಿ ಕಾಯಿದೆ’ಗೆ ಅಧ್ಯಕ್ಷರ ಅಂಕಿತ ಬಿತ್ತು. ಕಛೇರಿ, ಹೋಟೆಲುಗಳ ಟೆಲಿಫೋನಿನಲ್ಲಿ ಬೇರೆ ಯಾವ ಅಂಕಿಯೂ ಇಲ್ಲದೆ 911 ನೇರವಾಗಿ ಹೋಗಬೇಕು ಎಂದು ಅದರ ವಿಧಿ. ಆದರೆ ಅದು 2020ರ ಫೆಬ್ರವರಿ 16ರ ನಂತರ ತಯಾರಾದ, ಅಥವಾ ಕೂರಿಸಿದ ವ್ಯವಸ್ಥೆಗಳಿಗೆ ಮಾತ್ರ.