ಮಡಿಕೇರಿ ಕೋಟೆ: ಅರಮನೆಯಿಂದ ವಸ್ತುಸಂಗ್ರಹಾಲಯದವರೆಗೆ

ಕೊಡಗಿನ ಜಿಲ್ಲಾ ಕೇಂದ್ರ ಮಡಿಕೇರಿಯ ನಡುವೆ, ಎತ್ತರದ ದಿಬ್ಬದ ಮೇಲೆ ನಿಂತಿರುವ ಕೋಟೆ ಇದು. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ತಂದು, ಮಣ್ಣಿನ ಕೋಟೆ ಹಾಗೂ ಅರಮನೆ ಕಟ್ಟಿಸಿದ. ಮುದ್ದುರಾಜನ ಕೇರಿಯೇ ಮುಂದೆ ಮಡಿಕೇರಿಯಾಯಿತು ಎನ್ನುತ್ತಾರೆ.

ಕೊಡಗು ಮೈಸೂರಿನ ವಶಕ್ಕೆ ಹೋದಾಗ ಟಿಪ್ಪು ಸುಲ್ತಾನ್ ಮಣ್ಣಿನ ಗೋಡೆಗಳ ಜಾಗದಲ್ಲಿ ಕಲ್ಲಿನ ಕೋಟೆ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. ಆರು ಮೂಲೆಗಳಲ್ಲಿ ಆರು ದುಂಡು ಬುರುಜುಗಳಿವೆ. ಪೂರ್ವದ ಬಾಗಿಲಿನ ದಾರಿ ನೇರವಾಗಿಲ್ಲ, ಸುತ್ತಿ ಬಳಸಿ ಒಳಗೆ ಹೋಗುತ್ತದೆ. ನುಗ್ಗಿ ಬರುವ ಶತ್ರುವನ್ನು ತಡೆಯಲು ಕೋಟೆ ಕಟ್ಟುವವರು ಮಾಡುತ್ತಿದ್ದ ಉಪಾಯ ಅದು.

1790ರಲ್ಲಿ ದೊಡ್ಡ ವೀರರಾಜೇಂದ್ರ ಈ ಕೋಟೆಯನ್ನು ಮರಳಿ ಪಡೆದ. ಅದೇ ಯುದ್ಧದಲ್ಲಿ, ಅದೇ ವರ್ಷ, ನಮ್ಮ ಧಾರಾಪುರಂ ಕೋಟೆಯನ್ನು ಜನರಲ್ ಮೆಡೋಸ್ ಹಿಡಿದ, ಟಿಪ್ಪು ಮತ್ತೆ ಕಿತ್ತುಕೊಂಡ. ಅಮರಾವತಿ ದಡದ ಆ ಕೋಟೆ ಅದಕ್ಕೂ ಮೊದಲು 1768ರಲ್ಲಿ, 1783ರಲ್ಲಿ ಕೈ ಬದಲಾಯಿಸಿತ್ತು. ಕೊನೆಗೆ 1792ರಲ್ಲಿ ಅದನ್ನು ಕೆಡವಿಬಿಟ್ಟರು. ಕೊಯಮತ್ತೂರಿನಲ್ಲೂ ಹೀಗೆಯೇ: ಕೋಟೆ ಹೋಗಿದೆ, ಕೋಟೈಮೇಡು ಎಂಬ ಹೆಸರು ಉಳಿದಿದೆ. ಮಡಿಕೇರಿಯದು ಉಳಿಯಲು ಕಾರಣ ಬೇರೆ ಏನೂ ಅಲ್ಲ, ಗೆದ್ದವರಿಗೆಲ್ಲ ಅದು ವಾಸಕ್ಕೋ ಕಚೇರಿಗೋ ಬೇಕಾಗಿತ್ತು.

ಈಗ ಕಾಣುವ ಎರಡಂತಸ್ತಿನ ಅರಮನೆಯನ್ನು 1812ರಿಂದ 1814ರ ನಡುವೆ ಲಿಂಗರಾಜೇಂದ್ರ ಇಟ್ಟಿಗೆ, ಗಾರೆಯಿಂದ ಹೊಸದಾಗಿ ಮಾಡಿಸಿದ. ಅವನ ಮಗ ಚಿಕ್ಕವೀರರಾಜೇಂದ್ರನ ಕಾಲಕ್ಕೆ ಅರಸೊತ್ತಿಗೆ ಮುಗಿಯಿತು. 1834ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೇನೆ ಮಡಿಕೇರಿಗೆ ಬಂತು. ಪದಚ್ಯುತ ದೊರೆ ಕಾಶಿಗೆ, ನಂತರ 1852ರಲ್ಲಿ ಲಂಡನ್ನಿಗೆ ಹೋಗಿ, 1859ರಲ್ಲಿ ಅಲ್ಲಿಯೇ ತೀರಿಕೊಂಡ.

ಬ್ರಿಟಿಷರು ಕೋಟೆಯೊಳಗಿದ್ದ ವೀರಭದ್ರ ದೇವಸ್ಥಾನವನ್ನು 1855ರಲ್ಲಿ ತೆಗೆದು ಆ ಜಾಗದಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿದರು. 1933ರಲ್ಲಿ ಅರಮನೆಗೆ ಒಂದು ಗಡಿಯಾರ ಗೋಪುರ ಸೇರಿತು, ಜೊತೆಗೆ ಕಮಿಷನರ್ ಸಾಹೇಬರ ಕಾರು ನಿಲ್ಲಲು ಪೋರ್ಟಿಕೊ. ರಾಜರ ಅರಮನೆಯ ಮುಂದೆ ಕಾರಿನ ನೆರಳಿಗೆ ಕಟ್ಟಿದ ಆ ಪೋರ್ಟಿಕೊ ಇಂದಿಗೂ ಇದೆ.

ಸ್ವಾತಂತ್ರ್ಯದ ನಂತರ ಚರ್ಚ್ ಮುಚ್ಚಿತು. 1971ರಲ್ಲಿ ಅದೇ ಕಟ್ಟಡ ರಾಜ್ಯ ಸರ್ಕಾರದ ವಸ್ತುಸಂಗ್ರಹಾಲಯವಾಯಿತು. ಬಣ್ಣದ ಗಾಜಿನ ಕಿಟಕಿಯ ಕೆಳಗೆ ಈಗ ಜೈನ ಹಾಗೂ ಹಿಂದೂ ಶಿಲ್ಪಗಳು, ಹಳೆಯ ಆಯುಧಗಳು, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರಿಗೆ ಸಂಬಂಧಿಸಿದ ವಸ್ತುಗಳಿವೆ. ದೇವಸ್ಥಾನ ತೆಗೆದು ಕಟ್ಟಿದ ಚರ್ಚಿನೊಳಗೆ ದೇವರ ವಿಗ್ರಹಗಳು ಬಂದು ಕೂತಿವೆ.

ಬರುವವರಲ್ಲಿ ಹಲವರು ಇಷ್ಟು ನೋಡಿ, ಅಂಗಳದ ಗಾರೆಯ ಜೋಡಿ ಆನೆಗಳ ಮುಂದೆ ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಆದರೆ ಇಲ್ಲಿನ ಮುಖ್ಯ ವಸ್ತು ಅರಮನೆಯೇ. ಒಳ ಅಂಗಳದಲ್ಲಿ ಆಮೆಯಾಕಾರದ ಕಲ್ಲೊಂದಿದೆ, ಅದರ ಮೇಲೆ ಬರಹವಿದೆ. ಸರ್ಕಾರಿ ಕಚೇರಿಗಳು ದಶಕಗಳ ಕಾಲ ಈ ಅರಮನೆಯಲ್ಲಿದ್ದವು. ನಂತರ ಹೊಸ ಕಟ್ಟಡಗಳಿಗೆ ಸ್ಥಳಾಂತರಗೊಂಡವು. ಮಲೆನಾಡಿನ ಮಳೆಗೆ ಹಂಚಿನ ಮಾಡು ಒಂದು ವರ್ಷ ನೋಡಿಕೊಳ್ಳದಿದ್ದರೂ ಸೋರುತ್ತದೆ. ಕಚೇರಿ ನಡೆಯುತ್ತಿದ್ದಾಗ ಹಂಚು ಬದಲಿಸಲು ಯಾರಾದರೂ ಇರುತ್ತಿದ್ದರು. ಖಾಲಿಯಾದ ಅರಮನೆಯ ದುರಸ್ತಿ ಅದಕ್ಕಾಗಿಯೇ ಕೋರ್ಟಿನವರೆಗೂ ಹೋದ ವಿಷಯ.

ಧಾರಾಪುರಂ ಕಡೆಯಿಂದ ಹೋಗುವವರು ಸತ್ಯಮಂಗಲ, ದಿಂಬಂ ಘಟ್ಟ, ಚಾಮರಾಜನಗರ ಹಾದು ಮೈಸೂರು ಸೇರಬಹುದು. ಘಟ್ಟದಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಬೆಳಗ್ಗೆ ಹೊರಡುವುದು ಒಳ್ಳೆಯದು. ಮೈಸೂರಿನಿಂದ ಹುಣಸೂರು, ಕುಶಾಲನಗರ ಮಾರ್ಗವಾಗಿ ಮಡಿಕೇರಿ ಸುಮಾರು 120 ಕಿ.ಮೀ.