ತನ್ನ ಋಣಚರಿತ್ರೆಯನ್ನು ತಾನೇ ಓದುವ ಹಕ್ಕು

ಸಾಲ ಕೊಡುವವನಿಗೆ ಸಾಲ ಕೇಳುವವನ ಪೂರ್ವೋತ್ತರಗಳು ತಿಳಿದಿರಬೇಕೆಂಬುದು ವ್ಯಾಪಾರದಷ್ಟೇ ಪ್ರಾಚೀನವಾದ ನಿಯಮ. ಆದರೆ ತನ್ನನ್ನು ಕುರಿತು ಅನ್ಯರು ಏನನ್ನು ಬರೆದಿಟ್ಟಿದ್ದಾರೆಂಬುದು ಸಾಲಗಾರನಿಗೂ ತಿಳಿದಿರಬೇಕೆಂಬ ನಿಯಮವು ತೀರ ಈಚಿನದು. ನಮ್ಮ ನಾಡಿನ ವರ್ತಕರೂ ಮಠಗಳವರೂ ಹಿಂದೆ ಲೆಕ್ಕ ಬರೆಯುತ್ತಿದ್ದ ಕಡತಗಳನ್ನು ಕಂಡವರಿಗೆ ಈ ಮಾತಿನ ಅರ್ಥವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಆ ಕರಿಯ ಪುಸ್ತಕದಲ್ಲಿ ಬಳಪದಿಂದ ಬರೆದುದನ್ನು ಬೇಕಾದಾಗ ಒರಸಿ ಮತ್ತೆ ಬರೆಯಬಹುದಾಗಿತ್ತು. ಬರೆಯುವ ಕೈಯೂ ಒರಸುವ ಕೈಯೂ ಸಾಹುಕಾರನದೇ ಆಗಿದ್ದುದರಿಂದ, ಅಕ್ಷರವರಿಯದ ರೈತನು ಆತನ ಬಾಯಿಂದ ಬಂದ ಅಂಕಿಯನ್ನೇ ಪ್ರಮಾಣವೆಂದು ಒಪ್ಪಿ, ತಲೆ ತಗ್ಗಿಸಿ ಮನೆಗೆ ಹೋಗಬೇಕಾಗಿತ್ತು.

ಸಾಹುಕಾರನ ಬದಲು ಊರವರೇ ಕೂಡಿ ಸಾಲ ಕೊಡುವ ಕ್ರಮವೂ ಆಮೇಲೆ ಬಂತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವೊಂದನ್ನು ಕಟ್ಟಿದರಷ್ಟೆ. ಗ್ರಾಮಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಯು ಅಪರಿಮಿತವಾಗಿರತಕ್ಕದ್ದೆಂಬುದು ಆ ಕಾಯಿದೆಯ ಸಾಮಾನ್ಯ ವಿಧಿ. ಒಬ್ಬನು ತೀರಿಸದಿದ್ದರೆ ಊರೆಲ್ಲ ತೆರಬೇಕಾದುದರಿಂದ, ಯಾರು ಕುಡುಕ, ಯಾರು ದುಡಿಮೆಗಾರ ಎಂಬುದನ್ನು ನೆರೆಯವರೇ ತೂಗಿ ನೋಡುತ್ತಿದ್ದರು. ಆ ತೂಕವು ಸದಾ ನ್ಯಾಯವಾಗಿತ್ತೆಂದು ನಾವು ಹೇಳಲಾರೆವು. ಆದರೆ ತನ್ನನ್ನು ತೂಗಿದವರು ಯಾರೆಂಬುದಾದರೂ ಸಾಲಗಾರನಿಗೆ ಗೊತ್ತಿತ್ತು.

ತೂಗುವವನೂ ತೂಗಿಸಿಕೊಳ್ಳುವವನೂ ಪರಸ್ಪರ ಮುಖ ಕಾಣದಷ್ಟು ದೂರವಾದ ಮೇಲೆ ಹುಟ್ಟಿದ ವ್ಯವಸ್ಥೆಯೇ ಬೇರೆ. ಅದರ ತವರು ಅಮೆರಿಕದ ನ್ಯೂಯಾರ್ಕ್ ನಗರ. ಅಲ್ಲಿ ಲೂಯಿಸ್ ಟ್ಯಾಪನ್ ಎಂಬಾತನು ತನ್ನ ಅಣ್ಣ ಆರ್ಥರನ ರೇಷ್ಮೆ ವ್ಯಾಪಾರದಲ್ಲಿ ಪಾಲುಗಾರನಾಗಿದ್ದನು. ದಾಸ್ಯಪದ್ಧತಿಯ ಕಡುವಿರೋಧಿಯಾಗಿದ್ದ ಈತನ ಮನೆಗೆ 1834ರಲ್ಲಿ ದೊಂಬಿಗಾರರು ನುಗ್ಗಿ ಸಾಮಾನುಗಳನ್ನು ಬೀದಿಗೆಸೆದು ಸುಟ್ಟರು. 1837ರ ಆರ್ಥಿಕ ವಿಪ್ಲವದಲ್ಲಿ, ದೂರದೂರದ ಊರುಗಳ ಅಂಗಡಿಕಾರರಿಗೆ ಕೊಟ್ಟ ಉದ್ದರಿ ಬಾರದೆ, ಸಹೋದರರ ಅಂಗಡಿಯು ಪಾವತಿಯನ್ನೇ ನಿಲ್ಲಿಸಬೇಕಾಯಿತು. ಕಂಡರಿಯದವರನ್ನು ನಂಬಿ ಕೆಟ್ಟ ಈ ಮನುಷ್ಯನು, ಕಂಡರಿಯದವರ ವಿಚಾರವನ್ನೇ ಸಂಗ್ರಹಿಸಿ ಮಾರುವ ವೃತ್ತಿಯನ್ನು ಕಲ್ಪಿಸಿಕೊಂಡು, 1841ರಲ್ಲಿ ಮರ್ಕೆಂಟೈಲ್ ಏಜೆನ್ಸಿ ಎಂಬ ಸಂಸ್ಥೆಯನ್ನು ತೆರೆದನು.

ಅದರ ಕಾರ್ಯಕ್ರಮವು ಸರಳವಾಗಿತ್ತು. ಊರೂರಿನ ವಕೀಲರು ತಮ್ಮ ಪ್ರದೇಶದ ವ್ಯಾಪಾರಿಗಳ ಆಸ್ತಿ, ಸಾಲ, ನಡತೆ, ದುಶ್ಚಟ, ಕುಟುಂಬಕಲಹಗಳನ್ನು ಕುರಿತು ಗುಟ್ಟಾಗಿ ಪತ್ರ ಬರೆಯುವರು. ನ್ಯೂಯಾರ್ಕಿನ ಗುಮಾಸ್ತರು ಅದನ್ನು ದಪ್ಪ ದಪ್ಪ ಲೆಡ್ಜರುಗಳಿಗೆ ಸಂಕ್ಷಿಪ್ತಾಕ್ಷರಗಳಲ್ಲಿ ನಕಲು ಮಾಡುವರು. ವರ್ಷಕ್ಕಿಷ್ಟೆಂದು ಚಂದಾ ತೆತ್ತ ಸಗಟು ವರ್ತಕನು ಕಚೇರಿಗೆ ಬಂದು ಹೆಸರು ಹೇಳಿದರೆ ಗುಮಾಸ್ತನು ಓದಿ ಕೇಳಿಸುವನು. ಹಣ ಕೊಟ್ಟವನಿಗೂ ಪುಸ್ತಕ ಮುಟ್ಟುವ ಅಧಿಕಾರವಿರಲಿಲ್ಲವೆಂದ ಮೇಲೆ, ಅದರಲ್ಲಿ ಯಾರ ಬಾಳು ಬರೆಯಲ್ಪಟ್ಟಿತ್ತೋ ಆ ಬಡಪಾಯಿಯ ಮಾತೆಲ್ಲಿ ಬಂತು! ದಾಸರ ವಿಮೋಚನೆಗಾಗಿ ಮನೆಯ ಸಾಮಾನು ಸುಡಿಸಿಕೊಂಡ ಧರ್ಮಿಷ್ಠನೇ ಈ ಗುಪ್ತಲೇಖನದ ವೃತ್ತಿಗೂ ಮೂಲಪುರುಷನಾದುದು ಚರಿತ್ರೆಯ ವಿನೋದಗಳಲ್ಲೊಂದು. ಆ ಲೆಡ್ಜರುಗಳು, ಎರಡೂವರೆ ಸಾವಿರಕ್ಕೂ ಮಿಕ್ಕ ಸಂಪುಟಗಳು, ಇಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅಂದು ಅವುಗಳಲ್ಲಿ ಲಿಖಿತರಾದವರಿಗೆ ದೊರೆಯದಿದ್ದ ದರ್ಶನವು ಇಂದು ಸಂಶೋಧಕರಿಗೆ ದೊರೆಯುತ್ತಿದೆ.

ಲಿಖಿತರಾದವರು ಒಮ್ಮೆಯೂ ಸಿಡಿದೇಳಲಿಲ್ಲವೆಂದಲ್ಲ. ಓಹಿಯೊ ಪ್ರಾಂತದ ನಾರ್ವಾಕ್ ಎಂಬ ಊರಿನ ಬಿಯರ್ಡ್ಸ್ಲಿ ಎಂಬ ವರ್ತಕರ ವಿಷಯದಲ್ಲಿ, ಅವರಲ್ಲೊಬ್ಬನ ಹೆಂಡತಿಯು ವಿವಾಹವಿಚ್ಛೇದನಕ್ಕೆ ದಾವೆ ಹೂಡಲಿದ್ದಾಳೆಂಬ ಗಾಳಿಮಾತು ಏಜೆನ್ಸಿಯ ಪುಸ್ತಕವನ್ನು ಸೇರಿತು. ನ್ಯೂಯಾರ್ಕಿನ ವರ್ತಕರು ಸರಕು ಕೊಡಲು ಹಿಂಜರಿದರು. ಬಿಯರ್ಡ್ಸ್ಲಿಯವರು ಟ್ಯಾಪನ್ನನ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿದರು. ಜ್ಯೂರಿಯವರು 10,000 ಡಾಲರುಗಳ ಪರಿಹಾರವನ್ನು ವಿಧಿಸಿದರು. ಆದರೆ ವ್ಯಾಜ್ಯವು ಮೇಲೇರುತ್ತ ಏರುತ್ತ 1870ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿತು. ತನ್ನ ಹೆಸರಿನ ಮುಂದೆ ಬರೆದ ಒಂದು ವಾಕ್ಯವನ್ನು ನ್ಯಾಯಾಲಯದ ಬೆಳಕಿಗೆ ತರಲು ತೆರಬೇಕಾದ ಬೆಲೆಯು ಆ ಕಾಲದಲ್ಲಿ ಅಷ್ಟಿತ್ತು: ಬಹು ವರ್ಷಗಳ ಅಲೆದಾಟ ಮತ್ತು ಕೊನೆಗೆ ಸೋಲು.

ವ್ಯಾಪಾರಿಗಳನ್ನು ತೂಗಿದ ತಕ್ಕಡಿಗೆ ಗೃಹಸ್ಥರು ಬಂದುದು ಆಮೇಲೆ. 1899ರಲ್ಲಿ ಅಟ್ಲಾಂಟಾ ನಗರದಲ್ಲಿ ವೂಲ್‌ಫರ್ಡ್ ಸಹೋದರರು ಸ್ಥಾಪಿಸಿದ ರೀಟೇಲ್ ಕ್ರೆಡಿಟ್ ಕಂಪೆನಿಯು ಕ್ರಮೇಣ ದೇಶವ್ಯಾಪಿಯಾಗಿ, ಅದರ ತನಿಖೆಗಾರರು ಬಾಗಿಲಿಂದ ಬಾಗಿಲಿಗೆ ಹೋಗಿ ನೆರೆಮನೆಯವರನ್ನು ವಿಚಾರಿಸಿ, ಒಬ್ಬನ ಕುಡಿತವನ್ನೂ ಇನ್ನೊಬ್ಬನ ದಾಂಪತ್ಯವನ್ನೂ ಕಡತಗಳಲ್ಲಿ ದಾಖಲಿಸುತ್ತಿದ್ದರು. 1960ರ ದಶಕದಲ್ಲಿ ಈ ಕಡತಗಳು ಗಣಕಯಂತ್ರವನ್ನು ಸೇರಲಿವೆಯೆಂಬ ಸುದ್ದಿ ಹುಟ್ಟಿದಾಗ ಜನರಿಗೆ ಭೀತಿಯಾಯಿತು. ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಹಟ ಹಿಡಿದು ನಡೆಸಿದ ಪ್ರಯತ್ನದ ಫಲವಾಗಿ 1970ರಲ್ಲಿ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್ ಎಂಬ ಶಾಸನವು ಅಂಗೀಕೃತವಾಯಿತು. ರೀಟೇಲ್ ಕ್ರೆಡಿಟ್ ಕಂಪೆನಿಯು 1975ರಲ್ಲಿ ಹೆಸರು ಬದಲಾಯಿಸಿಕೊಂಡು ಈಕ್ವಿಫ್ಯಾಕ್ಸ್ ಆಯಿತು.

ಆ ಶಾಸನದಿಂದಲೂ ತನ್ನ ಕಡತವನ್ನು ನೋಡುವ ಹಕ್ಕು ಪೂರ್ಣವಾಗಿ ಬರಲಿಲ್ಲವೆಂಬುದನ್ನು ಗಮನಿಸಬೇಕು. 1970ರ ಶಾಸನವು ಕಡತದ ಸಾರವನ್ನು ಸಾಲಗಾರನಿಗೆ ತಿಳಿಸತಕ್ಕದ್ದೆಂದಿತೇ ವಿನಾ ಅದರ ಪ್ರತಿಯನ್ನು ಅವನ ಕೈಗಿಡಬೇಕೆನ್ನಲಿಲ್ಲ. 1996ರ ತಿದ್ದುಪಡಿಯಿಂದ ಕಡತದೊಳಗಿನ ಸಮಸ್ತ ವಿವರವೂ ಅವನಿಗೆ ಲಭ್ಯವಾಗಿ, ಶುಲ್ಕವನ್ನು 8 ಡಾಲರಿಗೆ ಮಿತಿಗೊಳಿಸಲಾಯಿತು. 2003ರ ಶಾಸನದಿಂದ ವರ್ಷಕ್ಕೊಂದು ಪ್ರತಿಯು ಉಚಿತವಾಯಿತು. ಅದೂ ಒಮ್ಮೆಲೇ ಅಲ್ಲ. 2004ರ ಡಿಸೆಂಬರಿನಲ್ಲಿ ಪಶ್ಚಿಮದ ರಾಜ್ಯಗಳಿಂದ ಮೊದಲಾಗಿ 2005ರ ಸೆಪ್ಟೆಂಬರಿಗೆ ಪೂರ್ವದ ಕರಾವಳಿಯನ್ನು ಮುಟ್ಟಿತು. ಬ್ರಿಟನ್ನಿನಲ್ಲಿಯಾದರೋ 2018ರವರೆಗೂ ಈ ದರ್ಶನಕ್ಕೆ 2 ಪೌಂಡುಗಳ ಕಾಣಿಕೆ ಸಲ್ಲಬೇಕಾಗಿತ್ತು.

ನಮ್ಮ ದೇಶವು ಈ ದಾರಿಗೆ ತಡವಾಗಿ ಬಂದರೂ ಬೇಗ ನಡೆಯಿತು. ಜನಸಾಮಾನ್ಯರು ಸಿಬಿಲ್ ಎಂದು ಕರೆಯುವ ಋಣಮಾಹಿತಿ ಸಂಸ್ಥೆ ಹುಟ್ಟಿದುದು 2000ದಲ್ಲಿ. ಅದನ್ನೂ ಅದರಂಥವನ್ನೂ ಅಂಕೆಯಲ್ಲಿಡುವ ಕಾಯಿದೆಯು 2005ರದು. ಮೊದಲ ವರ್ಷಗಳಲ್ಲಿ ತನ್ನ ವರದಿಯನ್ನು ತಾನು ನೋಡಬೇಕೆಂಬ ಗೃಹಸ್ಥನು ಹಣ ತೆತ್ತೇ ನೋಡಬೇಕಾಗಿತ್ತು. ಆದಿತ್ಯ ಪುರಿಯವರ ಅಧ್ಯಕ್ಷತೆಯ ಸಮಿತಿಯು 2014ರಲ್ಲಿ ವರ್ಷಕ್ಕೊಂದು ವರದಿಯನ್ನು ಉಚಿತವಾಗಿ ಕೊಡಿರೆಂದು ಶಿಫಾರಸು ಮಾಡಿತು. ರಿಸರ್ವ್ ಬ್ಯಾಂಕು 2016ರಲ್ಲಿ ಆಜ್ಞೆ ಹೊರಡಿಸಿ, 2017ರ ಜನವರಿಯಿಂದ ಅದನ್ನು ಜಾರಿಗೆ ತಂದಿತು. ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳಿರುವುದರಿಂದ, ಒಬ್ಬನಿಗೆ ಕಾಸು ಖರ್ಚಿಲ್ಲದೆ ವರ್ಷಕ್ಕೆ ನಾಲ್ಕು ವರದಿಗಳು ಸಲ್ಲುತ್ತವೆ.

ಇಷ್ಟು ಹೋರಾಟದಿಂದ ದೊರೆತುದನ್ನು ಕೇಳಿ ಪಡೆಯುವವರು ವಿರಳ. ಸಾಲದ ಅರ್ಜಿ ತಿರಸ್ಕೃತವಾದ ದಿನ ಮಾತ್ರ ಜನರಿಗೆ ಸಿಬಿಲ್ಲಿನ ನೆನಪಾಗುತ್ತದೆ. ತನ್ನ ವರದಿಯನ್ನು ತಾನೇ ನೋಡಿದರೆ ಅದರಲ್ಲಿ ಋಣಾರ್ಹತೆಯನ್ನು ಅಳೆಯುವ ಸ್ಕೋರು ಇಳಿಯುವುದೆಂಬ ತಪ್ಪು ತಿಳಿವಳಿಕೆಯೂ ಇದೆ. ಸ್ಕೋರಿಗೆ ತಟ್ಟುವುದು ಸಾಲದ ಅರ್ಜಿಯ ಮೇಲೆ ಬ್ಯಾಂಕು ನಡೆಸುವ ವಿಚಾರಣೆಯೇ ಹೊರತು ಸ್ವಂತದ ವಿಚಾರಣೆಯಲ್ಲ. ವರದಿ ಕೈಗೆ ಬಂದಾಗ 300ರಿಂದ 900ರ ನಡುವಣ ಆ ಒಂದು ಅಂಕಿಯನ್ನು ನೋಡಿ ಮಡಿಸಿಡುವುದು ಓದಿದಂತಲ್ಲ. ಎಂದೋ ತೀರಿದ ಸಾಲವು ಇನ್ನೂ ಬಾಕಿಯೆಂದಿದೆಯೇ, ಬಡ್ಡಿ ಬಿಡಿಸಿಕೊಂಡು ಚುಕ್ತಾ ಮಾಡಿದ ಸಾಲದ ಮುಂದೆ ‘ಸೆಟಲ್ಡ್’ ಎಂದಿದೆಯೇ, ಭಾವಮೈದುನನಿಗೆ ಜಾಮೀನು ನಿಂತ ಸಾಲವು ಅಲ್ಲಿ ಕಾಣುತ್ತಿದೆಯೇ, ತಾನು ಹೆಸರನ್ನೇ ಕೇಳದ ಸಾಲವೊಂದು ತನ್ನ ಪ್ಯಾನ್ ಸಂಖ್ಯೆಯನ್ನು ಹೊತ್ತು ಕುಳಿತಿದೆಯೇ ಎಂದು ಸಾಲು ಸಾಲಾಗಿ ನೋಡತಕ್ಕದ್ದು. ತಪ್ಪಿದ್ದರೆ ಆ ಸಂಸ್ಥೆಗೆ ಲಿಖಿತ ತಕರಾರು ಸಲ್ಲಿಸಬೇಕು. ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ, ಮುಂದಿನ ಪ್ರತಿಯೊಂದು ದಿನಕ್ಕೂ 100 ರೂಪಾಯಿಗಳ ಪರಿಹಾರವು ದೂರುದಾರನಿಗೆ ಸಲ್ಲತಕ್ಕದ್ದೆಂಬ ರಿಸರ್ವ್ ಬ್ಯಾಂಕಿನ ನಿಯಮವು 2024ರ ಏಪ್ರಿಲಿನಿಂದ ಜಾರಿಯಲ್ಲಿದೆ.