ಕಾಲೇಜಿನ ಪಾಠಪಟ್ಟಿಯಲ್ಲಿ ಧರ್ಮಾಧ್ಯಯನ

ಪದವಿ ತರಗತಿಗೆ ಸೇರಲಿದ್ದ ನಮ್ಮ ಬಂಧುಗಳ ಮಗಳೊಬ್ಬಳು ಶಿರಸಿಯ ನಮ್ಮ ಅಡಿಕೆ ವಖಾರಿಗೆ ಬಂದು, "ಅಜ್ಜಾ, ಇತಿಹಾಸದ ಜೊತೆಗೆ ಜೈನಶಾಸ್ತ್ರವನ್ನೂ ಒಂದು ಉಪವಿಷಯವಾಗಿ ಓದಲು ಬರುತ್ತದೆಯೇ?" ಎಂದು ಕೇಳಿದಳು. "ಧರ್ಮವನ್ನು ಬಸದಿಯಲ್ಲಿ ಕಲಿ, ಕಾಲೇಜಿನಲ್ಲಿ ಅನ್ನದ ವಿದ್ಯೆ ಕಲಿ" ಎಂದುಬಿಟ್ಟೆ. ನನ್ನ ಹಿರಿಯರು ನನಗೆ ಹೇಳಿದ್ದೂ ಅದನ್ನೇ. ಅದರಂತೆ ನಾನು ಬಿ.ಕಾಂ. ಮುಗಿಸಿ ವಖಾರಿಯಲ್ಲಿ ಕುಳಿತೆ. ಅವಳು ಹೋದ ಮೇಲೆ ಆ ಉತ್ತರ ಸರಿಯೆನಿಸಲಿಲ್ಲ. ಈ ಎರಡು ವಿದ್ಯೆಗಳನ್ನು ಬೇರ್ಪಡಿಸಿದವರಾರು?

ನಮ್ಮ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆದುದರಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವಿದ್ಯಾರ್ಥಿಗಳಿಗೆ 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ ಪಾಠಪಟ್ಟಿಯೇ ದಾರಿಯಾಯಿತು. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಪ್ರಜೆಗಳ ಮತವಿಚಾರದಲ್ಲಿ ಕೈಹಾಕುವುದಿಲ್ಲವೆಂದು 1858ರ ರಾಣಿಯ ಘೋಷಣೆ ಮಾತು ಕೊಟ್ಟಿದ್ದರಿಂದ ಸರಕಾರಿ ಕಾಲೇಜುಗಳಲ್ಲಿ ಧರ್ಮಬೋಧನೆಗೆ ಸ್ಥಾನವಿರಲಿಲ್ಲ. ಧರ್ಮಗ್ರಂಥಗಳು ಒಳಬಂದದ್ದು ಭಾಷೆಯ ಬಾಗಿಲಿನಿಂದ. ಸಂಸ್ಕೃತ ಮೊದಲೇ ಇತ್ತು. 1912ರಲ್ಲಿ ಧರ್ಮಾನಂದ ಕೋಸಂಬಿಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಲಿಯನ್ನು ಕಲಿಸತೊಡಗಿದರು. ಅರ್ಧಮಾಗಧಿಯೂ ಹೀಗೆಯೇ ಐಚ್ಛಿಕ ಭಾಷೆಯಾಗಿ ಸೇರಿತು. (ನಮ್ಮ ಕುಂದಕುಂದಾಚಾರ್ಯರ ಪ್ರಾಕೃತ ಶೌರಸೇನಿ, ಆದರೆ ಒಂದನ್ನು ಕಲಿತವನಿಗೆ ಇನ್ನೊಂದು ದೂರವಲ್ಲ.)

ಅಂಕಪಟ್ಟಿಯ ಮೂಲೆಯಲ್ಲಿದ್ದ ಈ ಸಣ್ಣ ವಿಷಯದಿಂದ ಸಮಾಜಕ್ಕೆ ಆದ ಲಾಭವನ್ನು ಅರಿಯಲು ಡಾ. ಆ. ನೇ. ಉಪಾಧ್ಯೆ ಅವರೊಬ್ಬರನ್ನು ನೋಡಿದರೆ ಸಾಕು. 1906ರಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಜನಿಸಿದ ಅವರು 1930ರಲ್ಲಿ ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿ ಸೇರಿ 1962ರವರೆಗೆ ಅಲ್ಲಿಯೇ ಸೇವೆ ಸಲ್ಲಿಸಿದರು. ಅಂತಹ ತರಗತಿಗೆ ನೂರಾರು ವಿದ್ಯಾರ್ಥಿಗಳು ಮುಗಿಬೀಳುವುದಿಲ್ಲ. ಆದರೆ ಆ ಹುದ್ದೆ ಇದ್ದುದರಿಂದಲೇ 1935ರಲ್ಲಿ ಪ್ರವಚನಸಾರ, 1937ರಲ್ಲಿ ಪರಮಾತ್ಮಪ್ರಕಾಶ, 1938ರಲ್ಲಿ ಜಟಾಸಿಂಹನಂದಿಯ ವರಾಂಗಚರಿತ ಶುದ್ಧ ಪಾಠಗಳೊಂದಿಗೆ ಹೊರಬಂದವು. ಪ್ರತಿಗಳನ್ನು ಎದುರಿಗಿಟ್ಟು, ಪಾಠಭೇದಗಳನ್ನು ಗುರುತಿಸಿ, ಕರ್ತೃವಿನ ಕಾಲವನ್ನು ಪ್ರಮಾಣಗಳಿಂದ ತೂಗಿ ನೋಡಿದ ಕೆಲಸವದು. ನಾವು ಶ್ರದ್ಧೆಯಿಂದ ಪ್ರಾಚೀನವೆಂದು ಹೇಳುತ್ತಿದ್ದುದನ್ನು ಎಷ್ಟು ಪ್ರಾಚೀನವೆಂದು ಕೇಳುವ ಧೈರ್ಯ ಅವರಿಗಿತ್ತು. ಇದರಿಂದ ಶ್ರದ್ಧೆಗೆ ಧಕ್ಕೆಯಾಯಿತೆಂದು ನನಗೆ ಅನಿಸಿಲ್ಲ. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಅವರು, 1971ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗದ ಮೊದಲ ಪ್ರಾಧ್ಯಾಪಕರಾದರು.

ಸ್ವತಂತ್ರ ಭಾರತದ ಸಂವಿಧಾನದ 28ನೆಯ ವಿಧಿಯು ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲಾ ಕಾಲೇಜುಗಳಲ್ಲಿ ಮತಬೋಧನೆಯನ್ನು ನಿಷೇಧಿಸಿತು. 1948-49ರ ರಾಧಾಕೃಷ್ಣನ್ ಆಯೋಗವು ಪದವಿಯ ಮೊದಲ ವರ್ಷ ಮಹಾಪುರುಷರ ಚರಿತ್ರೆಗಳನ್ನು ಓದಿಸಬೇಕೆಂದು ಸಲಹೆಯಿತ್ತಿತು. ಅದು ಉದಾಹರಿಸಿದ ಹೆಸರುಗಳಲ್ಲಿ ಬುದ್ಧನಿದ್ದಾನೆ, ಮಧ್ವರಿದ್ದಾರೆ, ಕಬೀರ, ನಾನಕರೂ ಇದ್ದಾರೆ, ಮಹಾವೀರಸ್ವಾಮಿಯ ಹೆಸರಿಲ್ಲ. ಯಾರನ್ನು ದೂರೋಣ? ನಮ್ಮ ಗ್ರಂಥಗಳನ್ನು ಪರರು ಓದುವಂತೆ ಮಾಡಲು ನಾವು ವೆಚ್ಚ ಮಾಡಿದ್ದಾದರೂ ಎಷ್ಟು? ಮತಬೋಧನೆ ಬೇರೆ, ಧರ್ಮಗಳ ಕುರಿತ ಅಧ್ಯಯನ ಬೇರೆ ಎಂದು 1964-66ರ ಕೊಠಾರಿ ಆಯೋಗ ಹೇಳಿತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಧರ್ಮಗಳ ಅಧ್ಯಯನಕ್ಕೆ 28ನೆಯ ವಿಧಿ ಅಡ್ಡಿಯಲ್ಲವೆಂದು ತೀರ್ಪಿತ್ತಿತು.

ಈ ಅಧ್ಯಯನಕ್ಕೆ ನಮ್ಮ ಸೀಮೆಗಿಂತ ಯೋಗ್ಯವಾದ ಸ್ಥಳ ಯಾವುದಿದೆ? ಶಿರಸಿ ತಾಲೂಕಿನ ಸೋಂದಾ ಒಂದರಲ್ಲಿಯೇ ಸ್ವಾದಿ ಜೈನಮಠ, ವಾದಿರಾಜರ ಮಠ, ಸ್ವರ್ಣವಲ್ಲೀ ಮಠ, ಹೀಗೆ ಮೂರು ಪರಂಪರೆಗಳ ಪೀಠಗಳಿವೆ. ಸಿದ್ದಾಪುರದ ಕಡೆಗೆ ಹೋದರೆ ಬಿಳಗಿಯ ಬಸದಿ. ಘಟ್ಟ ಇಳಿದರೆ ಹಾಡುವಳ್ಳಿ. ಅಲ್ಲಿಯ ಅಕಲಂಕದೇವರ ಶಿಷ್ಯರಾದ ಭಟ್ಟಾಕಲಂಕರು 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ಪೂರೈಸಿದರು. ಜೈನಯತಿಯೊಬ್ಬರು ಸಂಸ್ಕೃತದ 592 ಸೂತ್ರಗಳಲ್ಲಿ ಕನ್ನಡಕ್ಕೆ ವ್ಯಾಕರಣ ಬರೆದರೆಂದ ಮೇಲೆ, ಅವರ ಪಾಲಿಗೆ ಧರ್ಮದ ವಿದ್ಯೆ ಯಾವುದು, ಲೌಕಿಕ ವಿದ್ಯೆ ಯಾವುದು? ನಾನು ಹುಡುಗಿಗೆ ಕೊಟ್ಟ ಉತ್ತರ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ.

ಈ ವಿಚಾರವನ್ನು ನಾನು ಸದಸ್ಯನಾಗಿರುವ ಒಂದು ಟ್ರಸ್ಟಿನ ಸಭೆಯಲ್ಲಿ ಮಂಡಿಸಿದೆ. ಪ್ರಾಕೃತವನ್ನೋ ಜೈನಶಾಸ್ತ್ರವನ್ನೋ ಉಪವಿಷಯವಾಗಿ ಓದುವ ಒಬ್ಬ ವಿದ್ಯಾರ್ಥಿಗೆ, ಯಾವ ಸಮಾಜದವರಾದರೂ ಸರಿ, ಮೂರು ವರ್ಷ ವೇತನ ಕೊಡೋಣವೆಂಬುದು ನನ್ನ ಸೂಚನೆ. "ಓದಿ ನೌಕರಿ ಎಲ್ಲಿ ಸಿಗುತ್ತದೆ ಸ್ವಾಮಿ?" ಎಂದರು ಹಿರಿಯರೊಬ್ಬರು. ನ್ಯಾಯವಾದ ಪ್ರಶ್ನೆಯೇ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಮಾನ್ಯತೆ ನೀಡಿದೆ ಎಂದೆನಾದರೂ ಅದರಿಂದ ನೌಕರಿ ಹುಟ್ಟುತ್ತದೆಂದು ಭರವಸೆ ಕೊಡಲಾರದೆ ಹೋದೆ. ಮುಖ್ಯ ವಿಷಯ ಅನ್ನಕ್ಕಿರಲಿ, ಉಪವಿಷಯ ಇದಕ್ಕಿರಲಿ ಎಂದಷ್ಟೇ ಹೇಳಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಮೂರನೆಯದಕ್ಕೆ ನಮ್ಮ ಜಮಾಖರ್ಚಿನಲ್ಲಿ ಕಲಮೇ ಇಲ್ಲವೆಂಬುದನ್ನೂ ತೋರಿಸಿದೆ, ಬಿ.ಕಾಂ. ಓದಿದ್ದಕ್ಕೆ ಅಷ್ಟು ಉಪಯೋಗವಾಯಿತು. ಪ್ರಾಕಾರದ ಗೋಡೆಯ ದುರಸ್ತಿ ಮಂಜೂರಾಯಿತು. ನನ್ನ ಸೂಚನೆ ಮುಂದಿನ ಸಭೆಗೆ ಹೋಯಿತು.

ಆ ಹುಡುಗಿ ಇತಿಹಾಸ ತೆಗೆದುಕೊಂಡು ಕಾಲೇಜಿಗೆ ಸೇರಿದ್ದಾಳೆ. ಅವಳು ಕೇಳಿದ ಉಪವಿಷಯ ಅಲ್ಲಿ ದೊರೆಯಲಿಲ್ಲ. ಭಾನುವಾರ ವಖಾರಿ ಮುಚ್ಚಿರುವಾಗ ನನ್ನ ಮೇಜಿನ ಮುಂದೆ ಕುಳಿತು ಪ್ರವಚನಸಾರದ ಗಾಥೆಗಳನ್ನು ಬಿಡಿಸಿ ಬರೆಯುತ್ತಾಳೆ. ನನ್ನ ಪ್ರಾಕೃತ ತಡವಾಗಿ, ಪುಸ್ತಕ ನೋಡಿ ಕಲಿತದ್ದು. ಅವಳು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ನನ್ನಲ್ಲಿ ಉತ್ತರವಿಲ್ಲ.